ಅಪ್ಪನ ಆಸ್ತಿಗೆ ತೆರಿಗೆ ಐತೇನು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಕರೆದರು. ನಾನು ನಮ್ಮ ಮನೆಯ ಒಂದು ಕಾಗದದ ಕಥೆ ಹೇಳುತ್ತೇನೆ.

2024ರ ಏಪ್ರಿಲ್‌ನಲ್ಲಿ ನಮ್ಮ ತಂದೆ ತೀರಿಕೊಂಡರು. ಮೂಡಲಗಿ ತಾಲೂಕಿನಲ್ಲಿ ನಾಲ್ಕು ಎಕರೆ ಕಬ್ಬಿನ ಹೊಲ, ಗೋಕಾಕದಲ್ಲಿ ಒಂದು ಪ್ಲಾಟು ಬಿಟ್ಟು ಹೋಗಿದ್ದರು. ಆಗ ಲೋಕಸಭೆ ಚುನಾವಣೆ, ಟಿ.ವಿ. ತುಂಬ ಪಿತ್ರಾರ್ಜಿತ ಆಸ್ತಿ ತೆರಿಗೆಯ ಗದ್ದಲ. ಮಾತನಾಡಿಸಲು ಬಂದ ಹಿರಿಯರೊಬ್ಬರು, “ಸರಕಾರ ಅರ್ಧ ಆಸ್ತಿ ತಗೋತೈತಂತ. ಅದಕ್ಕಿಂತ ಮೊದ್ಲ ತಂಗೀ ಕಡೆ ಹಕ್ಕ ಬಿಟ್ಟ ಪತ್ರಕ್ಕ ಸಹಿ ಮಾಡಿಸಿ ಎಲ್ಲಾ ನಿನ್ನ ಹೆಸರಿಗೆ ಮಾಡ್ಕೋ” ಎಂದರು. ತಂಗಿಯನ್ನು ಹುಕ್ಕೇರಿಗೆ ಕೊಟ್ಟಿದೆ. ನಿಜ ಹೇಳುತ್ತೇನೆ, ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಪತ್ರವೂ ತಯಾರಾಯಿತು. ಪೆನ್ನು ಕೈಯಲ್ಲಿ ಹಿಡಿದು ತಂಗಿ ಒಂದೇ ಮಾತು ಕೇಳಿದಳು: “ಅಣ್ಣಾ, ಆ ಕಾಯ್ದೆ ನೀ ಓದಿಯೇನು?”

ನಾನು ಓದಿರಲಿಲ್ಲ. ಲೆಕ್ಕ ಬಿಡಿಸುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿರಿ ಎಂದು ನಮ್ಮ ಗಣಿತದ ಗುರುಗಳು ಹೇಳುತ್ತಿದ್ದರು. ತಂಗಿಯೂ ಇದೇ ಶಾಲೆಯವಳು. ಅವಳಿಗೆ ನೆನಪಿತ್ತು, ನನಗೆ ಮರೆತಿತ್ತು.

ಆ ರಾತ್ರಿ ಓದಲು ಕುಳಿತೆ. ಸತ್ತವರ ಆಸ್ತಿಯ ಮೇಲೆ ತೆರಿಗೆ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಇತ್ತು. 1953ರಲ್ಲಿ ಎಸ್ಟೇಟ್ ಡ್ಯೂಟಿ ಕಾಯ್ದೆ ಬಂತು. ದೊಡ್ಡ ಆಸ್ತಿಗಳಿಗೆ ಅದರ ದರ ಶೇಕಡಾ 85ರವರೆಗೂ ಏರಿತ್ತು. ಬರುವ ಹಣ ಕಡಿಮೆ, ವಸೂಲಿಯ ಖರ್ಚು ಹೆಚ್ಚು ಎಂದು 1985ರ ಮಾರ್ಚ್‌ನಲ್ಲಿ ಆಗಿನ ಹಣಕಾಸು ಮಂತ್ರಿ ವಿ.ಪಿ. ಸಿಂಗ್ ಅದನ್ನು ತೆಗೆದುಹಾಕಿದರು. ಇಂದು ವಾರಸಾದಿಂದ ಬಂದ ಆಸ್ತಿಗೆ ತೆರಿಗೆ ಇಲ್ಲ. ಮುಂದೆ ಗೋಕಾಕದ ಪ್ಲಾಟು ಮಾರಿದರೆ ಮಾತ್ರ ಲಾಭದ ಮೇಲೆ ತೆರಿಗೆ ಬರುತ್ತದೆ. ಆ ಲಾಭವನ್ನು ಅಪ್ಪ ಕೊಂಡ ಬೆಲೆಯಿಂದ ಲೆಕ್ಕ ಹಾಕುತ್ತಾರೆ. ಆದ್ದರಿಂದ ಹಳೆಯ ಖರೇದಿ ಪತ್ರ ಜೋಪಾನವಾಗಿರಬೇಕು.

ಇನ್ನೊಂದು ವಿಷಯವೂ ಕಂಡಿತು. ಮಗಳಿಗೂ ಮಗನಷ್ಟೇ ಹಕ್ಕು. ನಮ್ಮ ರಾಜ್ಯ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. 2005ರ ತಿದ್ದುಪಡಿ ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ಕೊಟ್ಟಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲದ ತೆರಿಗೆಯ ಹೆಸರು ಹೇಳಿ, ಇರುವ ಹಕ್ಕನ್ನು ತಂಗಿಯಿಂದ ಕಸಿಯಲು ಹೊರಟಿದ್ದೆ.

ತೆರಿಗೆ ನಿಜವಾಗಿ ಇದ್ದದ್ದು ನನ್ನ ತಲೆಯ ಮೇಲೆ! ಕೆಲಸದ ಜೊತೆಗೆ ನನಗೆ ಅಮೆರಿಕದ ಕಂಪನಿಯ ಷೇರು ಸಿಗುತ್ತವೆ. ಅಲ್ಲಿನ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದ ನನ್ನಂಥವನು ಸತ್ತಾಗ ಅಂಥ ಆಸ್ತಿ 60 ಸಾವಿರ ಡಾಲರ್ ದಾಟಿದ್ದರೆ, ಮಿಕ್ಕಿದ್ದಕ್ಕೆ ಅಮೆರಿಕ ಶೇಕಡಾ 40ರವರೆಗೆ ತೆರಿಗೆ ಹಾಕಬಹುದು. ಆದಾಯ ತೆರಿಗೆಗೆ ಎರಡೂ ದೇಶಗಳ ನಡುವೆ ಒಪ್ಪಂದವಿದೆ, ಇದಕ್ಕೆ ಇಲ್ಲ. ಆ ಷೇರುಗಳ ಲೆಕ್ಕ ಹೆಂಡತಿಗೂ ಹೇಳಿರಲಿಲ್ಲ. ಈಗ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದು ಅವಳ ಕೈಗೆ ಕೊಟ್ಟಿದ್ದೇನೆ.

ಮರುದಿನ ಬೆಳಿಗ್ಗೆ ಆ ಪತ್ರ ಹರಿದು ಹಾಕಿದೆ. ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ಮೂವರೂ ನಾಡಕಚೇರಿಗೆ ಹೋಗಿ ವಾರಸಾಕ್ಕೆ ಅರ್ಜಿ ಕೊಟ್ಟೆವು. ಇದನ್ನು ಮೂರು ತಿಂಗಳೊಳಗೆ ತಿಳಿಸಬೇಕೆಂದು ಕಾಯ್ದೆಯಿದೆ. ಈಗ ಹೊಲ ಒಂದೇ, ಉತಾರದಲ್ಲಿ ಹೆಸರು ಮೂರು: ಅವ್ವ, ತಂಗಿ, ನಾನು. ಪಂಚಮಿಗೆ ತಂಗಿ ತವರಿಗೆ ಬಂದಾಗ ಅವಳ ಮುಖ ನೋಡಿ ಮಾತಾಡುವ ಧೈರ್ಯ ನನಗಿತ್ತು. ಅದಕ್ಕೆ ಬೆಲೆ ಕಟ್ಟಲಾಗದು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಕೇಳಿರಿ: “ನಮ್ಮ ಹೊಲದ ಉತಾರ ಯಾರ ಹೆಸರಿಗೈತಿ?” ಅಜ್ಜನ ಹೆಸರಿಗೇ ಇದ್ದರೆ ಕೆಲಸ ಬಾಕಿ ಇದೆ ಎಂದರ್ಥ. ಹುಡುಗಿಯರೇ, ಯಾರಾದರೂ ಸಹಿ ಕೇಳಿದರೆ ಮೊದಲು ಓದಿರಿ, ಎರಡು ಸಲ ಓದಿರಿ. ಓದಲು ಕಲಿಸಿದ ಈ ಶಾಲೆಗೆ ಐವತ್ತು ತುಂಬಿದೆ, ನೂರೂ ತುಂಬಲಿ.