ಹದಿಮೂರು ತಂಡಗಳ ಆಟಗಾರ

ಇಂಗ್ಲಿಷಿನಲ್ಲಿ ‘ಜರ್ನಿಮನ್’ ಎಂದೊಂದು ಮಾತಿದೆ. ಕೇಳಿದೊಡನೆ ಪಯಣಿಗನೆಂದು ಅರ್ಥ ಹೇಳಬೇಕೆನಿಸುತ್ತದೆ. ಅದು ಸರಿಯಲ್ಲ. ‘ದಿನ’ ಎಂಬ ಅರ್ಥದ ಫ್ರೆಂಚ್ ಶಬ್ದ ಅದರ ಮೂಲ. ಕಸುಬು ಕಲಿತಿದ್ದರೂ ಸ್ವಂತ ಅಂಗಡಿಯಿಲ್ಲದೆ, ಕಂಡವರಲ್ಲಿ ದಿನಗೂಲಿಗೆ ದುಡಿಯುವ ಕುಶಲಕರ್ಮಿಗೆ ಆ ಹೆಸರು. ಅಮೆರಿಕದಲ್ಲಿ ತಂಡದಿಂದ ತಂಡಕ್ಕೆ ಹೋಗುತ್ತ ಬಾಳುವ ವೃತ್ತಿ ಆಟಗಾರನನ್ನೂ ಹೀಗೆಯೇ ಕರೆಯುತ್ತಾರೆ. ಅಂಥವನೊಬ್ಬನ ವೃತ್ತಾಂತವನ್ನು ನಿಮ್ಮ ಮುಂದಿಡುತ್ತೇನೆ.

ಇಷ್ ಸ್ಮಿತ್ 1988ರಲ್ಲಿ ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿ ಹುಟ್ಟಿದವನು. ಎತ್ತರ ಆರು ಅಡಿ. ನಮ್ಮ ನಡುವೆ ಆತ ನೀಳಕಾಯನೇ ಸರಿ. ಆರೂವರೆ ಅಡಿಯವರು ಸಾಮಾನ್ಯರೆನಿಸುವ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಮಾತ್ರ ಗಿಡ್ಡ. ಎನ್‌ಬಿಎ ಎಂಬ ಅಲ್ಲಿಯ ವೃತ್ತಿಪರ ಸಂಘದಲ್ಲಿ 30 ತಂಡಗಳಿವೆ. ಅವು ವರ್ಷಕ್ಕೊಮ್ಮೆ ಸರದಿಯ ಮೇಲೆ ಹೊಸಬರನ್ನು ಆರಿಸಿಕೊಳ್ಳುತ್ತವೆ. 2010ರಲ್ಲಿ 60 ಮಂದಿಯ ಹೆಸರು ಬಂತು. ಸ್ಮಿತ್‌ನ ಹೆಸರು ಬರಲಿಲ್ಲ. ಆದರೂ ಹ್ಯೂಸ್ಟನ್ ತಂಡ ಆತನಿಗೆ ಎಡೆ ಕೊಟ್ಟಿತು.

ಆ ಎಡೆ ಉಳಿಯಲಿಲ್ಲ. ಅಲ್ಲಿ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಬದಲಾಯಿಸಿಕೊಳ್ಳಬಹುದು. ಬಹುಪಾಲು ಆಟಗಾರರಿಗೆ ‘ಒಲ್ಲೆ’ ಎನ್ನುವ ಹಕ್ಕಿಲ್ಲ. ಮೆಂಫಿಸ್, ಒರ್ಲ್ಯಾಂಡೊ, ಮಿಲ್‌ವಾಕಿ, ಫೀನಿಕ್ಸ್ ಎಂದು ಆತ ಊರೂರು ಸುತ್ತಿದ. ಆತನ ಕೆಲಸವಾದರೂ ಏನು? ಚೆಂಡನ್ನು ವೇಗವಾಗಿ ಮುಂದೊಯ್ದು ಜೊತೆಯವರಿಗೆ ಹಂಚುವುದು. ಅದೂ ಹೆಚ್ಚಾಗಿ, ಆ ಸ್ಥಾನದ ಮುಖ್ಯ ಆಟಗಾರ ದಣಿವಾರಿಸಿಕೊಳ್ಳುವಾಗ. ವ್ಯಾಕರಣದಲ್ಲಿ ವಿಭಕ್ತಿ ಪ್ರತ್ಯಯವಿದ್ದಂತೆ: ತಾನೊಂದೇ ನಿಲ್ಲಲಾರದು, ತಾನಿಲ್ಲದೆ ವಾಕ್ಯವೂ ನಿಲ್ಲದು.

‘ಇಷ್ಟು ಕಡೆ ಕೈಬಿಟ್ಟವನಲ್ಲಿ ಏನು ಹೆಚ್ಚುಗಾರಿಕೆ?’ ಎಂದು ನೀವು ಕೇಳಬಹುದು. 2015ರ ಡಿಸೆಂಬರಿನ ಸಂಗತಿಯನ್ನು ನೋಡಿ. ಫಿಲಡೆಲ್ಫಿಯಾ ತಂಡ 31 ಆಟಗಳಲ್ಲಿ ಒಂದನ್ನಷ್ಟೇ ಗೆದ್ದಿತ್ತು. ಆ ವರ್ಷದ ಮೊದಲಲ್ಲಿ ತನ್ನಲ್ಲೇ ಆಡಿಹೋಗಿದ್ದ ಸ್ಮಿತ್‌ನನ್ನು ಅದು ನ್ಯೂ ಆರ್ಲಿಯನ್ಸ್ ತಂಡದಿಂದ ಮರಳಿ ತಂದಿತು. ಪ್ರತಿಯಾಗಿ ಹೊಸಬರನ್ನು ಆರಿಸುವ ತನ್ನ ಎರಡು ಸರದಿಗಳನ್ನು ಬಿಟ್ಟುಕೊಟ್ಟಿತು. ಪವಾಡವೇನೂ ನಡೆಯಲಿಲ್ಲ. ಉಳಿದ 51 ಆಟಗಳಲ್ಲಿ ಗೆದ್ದದ್ದು ಒಂಬತ್ತು. ಆದರೆ ಮುಗ್ಗರಿಸಿದ ತಂಡಕ್ಕೆ ನೆನಪಾದವನು ಈತ. ಮುಂದೆ ವಾಷಿಂಗ್ಟನ್, ಷಾರ್ಲಟ್ ತಂಡಗಳೂ ಆತನನ್ನು ಎರಡನೆಯ ಸಲ ಬರಮಾಡಿಕೊಂಡವು. ಕೈಬಿಟ್ಟ ಲೆಕ್ಕವನ್ನಷ್ಟೇ ಬರೆದು, ಕರೆದ ಲೆಕ್ಕವನ್ನು ಬಿಡುವುದು ನ್ಯಾಯವಲ್ಲ.

2022ರಲ್ಲಿ ಡೆನ್ವರ್ ಆತನ ಹದಿಮೂರನೆಯ ತಂಡವಾಯಿತು. ಅದಕ್ಕೆ ಮೊದಲು ಹನ್ನೆರಡು ತಂಡಗಳಿಗೆ ಆಡಿದವರು ನಾಲ್ವರಿದ್ದರು. ಹದಿಮೂರನ್ನು ಮುಟ್ಟಿದವರು ಯಾರೂ ಇರಲಿಲ್ಲ. ಮರುವರ್ಷ, 2023ರಲ್ಲಿ, ಡೆನ್ವರ್ ಮಯಾಮಿಯನ್ನು ಸೋಲಿಸಿ ಎನ್‌ಬಿಎ ಪಟ್ಟವನ್ನು ಮೊತ್ತಮೊದಲ ಬಾರಿಗೆ ಗೆದ್ದಿತು. ನಿರ್ಣಾಯಕ ಪಂದ್ಯಗಳಲ್ಲಿ ಸ್ಮಿತ್ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತಿದ್ದ. ಹೀಗೆ ಹದಿಮೂರನೆಯ ಹಂಗಾಮಿನಲ್ಲಿ, ಹದಿಮೂರನೆಯ ತಂಡದಲ್ಲಿ, ಪಟ್ಟ ಗೆದ್ದವರ ಸಾಲಿನಲ್ಲಿ ಆತನೂ ನಿಂತ.

ನಮ್ಮ ಕಚೇರಿ, ಶಾಲೆ, ಅಂಗಡಿಗಳಲ್ಲಿಯೂ ಬದಲಿ ಕೆಲಸಕ್ಕೆ ಬಂದು, ನಾಲ್ಕು ತಿಂಗಳು ದುಡಿದು, ಸದ್ದಿಲ್ಲದೆ ಹೊರಡುವವರಿದ್ದಾರೆ. ಅವರ ಬೀಳ್ಕೊಡುಗೆಗೆ ಹಾರ ತರುವವರಿಲ್ಲ. ಅವರು ನಿಂತು ನಡೆಸಿದ ಕೆಲಸ ಎಷ್ಟೆಂಬುದನ್ನು ಹೊರಡುವ ದಿನವಾದರೂ ನೆನೆದು ಹೇಳೋಣ. ಅಷ್ಟು ಋಣ ನಮ್ಮ ಮೇಲಿದೆ.