ಎರಡಂಗುಲದ ಮೀನನ್ನು ಕೊಳ್ಳುವ ಮುನ್ನ

(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಅಣೆಕಟ್ಟು, ಗಣಿ, ಕಾಡ್ಗಿಚ್ಚುಗಳ ಬಗ್ಗೆ ಮಾತನಾಡುವ ಈ ವೇದಿಕೆಯಲ್ಲಿ ಗಾಜಿನ ತೊಟ್ಟಿಯ ಮೀನಿನ ವಿಚಾರವೇಕೆ ಎಂದು ತಮಗೆ ಅನ್ನಿಸಬಹುದು. ನಮ್ಮ ಮಲೆನಾಡಿನ ಮಕ್ಕಳು ಓದಲು, ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ. ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳ ಬಾಡಿಗೆ ಕೋಣೆಗಳಲ್ಲಿ ಊರಿನ ಹೊಳೆ ನೆನಪಾದಾಗ ಒಂದು ಮೀನುತೊಟ್ಟಿ ಇಟ್ಟುಕೊಳ್ಳುತ್ತಾರೆ. ನಾನೂ ಇಟ್ಟುಕೊಂಡವನೇ.

ಪಾಚಿ ತಿಂದು ತೊಟ್ಟಿಯನ್ನು ಸ್ವಚ್ಛವಾಗಿಡುತ್ತದೆಂದು ಹೇಳಿ ಅಂಗಡಿಯವರು ಎರಡಂಗುಲದ ಕಪ್ಪು ಮೀನೊಂದನ್ನು ಕೊಟ್ಟರು. ಗಾಜಿಗೆ ಬಾಯಿ ಅಂಟಿಸಿ ನಿಲ್ಲುವ, ಪೇಟೆಯಲ್ಲಿ ‘ಸಕ್ಕರ್’ ಎನ್ನುವ ಮೀನದು. ಎರಡು ವರ್ಷಗಳಲ್ಲಿ ಅಡಿಯುದ್ದ ಬೆಳೆದು, ಎರಡಡಿಯ ತೊಟ್ಟಿಯಲ್ಲಿ ಹೊರಳಲೂ ಆಗದಂತಾಯಿತು. ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಒಂದು ಭಾನುವಾರ ಬಕೆಟ್ಟಿನಲ್ಲಿಟ್ಟುಕೊಂಡು ಯಲಹಂಕ ಕೆರೆಯ ಏರಿಗೆ ಹೋದೆ. ಪುಣ್ಯದ ಕೆಲಸವೆಂದೇ ಭಾವಿಸಿದ್ದೆ. ಅಲ್ಲಿ ಬಲೆ ಬಿಡಿಸುತ್ತ ಕುಳಿತಿದ್ದವರೊಬ್ಬರು ಇಣುಕಿ ನೋಡಿ, “ಬ್ಯಾಡ ಸಾಮಿ, ಇದು ಸಿಕ್ಕೊಂಡ್ರೆ ಬಲೇನೇ ಕುಯ್ಬೇಕಾಯ್ತದೆ” ಎಂದರು. ನಾಚಿಕೆಯಿಂದ ಹಿಂದಿರುಗಿದೆ. ಕಡೆಗೆ ದೊಡ್ಡ ಸಿಮೆಂಟು ತೊಟ್ಟಿಯಿದ್ದ ಪರಿಚಿತರಿಗೆ ಅದನ್ನು ಒಪ್ಪಿಸಿದ್ದಾಯಿತು.

ಆ ಮೀನಿನ ಮೂಲ ದಕ್ಷಿಣ ಅಮೆರಿಕ. ಟೆರಿಗೊಪ್ಲಿಕ್ತಿಸ್ ಎಂಬ ಕುಲ. ಮೈಗೆ ಎಲುಬಿನ ಕವಚ, ರೆಕ್ಕೆಗಳಲ್ಲಿ ಗಟ್ಟಿಮುಳ್ಳು. ಒಂದೂವರೆ ಅಡಿಯವರೆಗೂ ಬೆಳೆಯುತ್ತದೆ. ನೀರಿನಲ್ಲಿ ಆಮ್ಲಜನಕ ಕುಸಿದರೆ ಮೇಲೆ ಬಂದು ಗಾಳಿ ನುಂಗಿ, ಜಠರದ ಮೂಲಕವೇ ಉಸಿರಾಡಬಲ್ಲದು. ಹೀಗಾಗಿ ಚರಂಡಿ ನೀರು ಸೇರಿ ಉಳಿದ ಮೀನುಗಳು ಸತ್ತು ತೇಲುವ ಕೆರೆಯಲ್ಲೂ ಇದು ಬದುಕುತ್ತದೆ. ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ಮಣ್ಣಿನ ಏರಿಯನ್ನೇ ನಂಬಿ ಕೆರೆ ಕಟ್ಟಿದ ನಾಡಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. ಯಲಹಂಕ ಕೆರೆಯ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ, ಮುಂದೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಒಂದು ಕೆರೆಗೆ ಬಿಟ್ಟದ್ದು ಅಲ್ಲೇ ಉಳಿಯದು. ಆಂಧ್ರ, ಕೇರಳ, ಬಿಹಾರ, ಪಶ್ಚಿಮ ಬಂಗಾಳಗಳ ನೀರಿನಲ್ಲಿ ಈ ಕುಲ ಈಗಾಗಲೇ ನೆಲೆಯೂರಿದೆ.

ಸಾಕಲೇಬೇಕೆಂದರೆ ಬೆಳೆದರೂ ಚಿಕ್ಕದಾಗಿಯೇ ಉಳಿಯುವ ಜಾತಿಯನ್ನು ಆರಿಸಿಕೊಳ್ಳಿ. ಮರಿಯಾಗಿದ್ದಾಗ ಎಲ್ಲವೂ ಒಂದೇ ತೆರ ಕಾಣುತ್ತವೆ. ಬೆನ್ನಿನ ರೆಕ್ಕೆ ಅರಳಿದಾಗ ಅದರ ಕಡ್ಡಿಗಳನ್ನು ಎಣಿಸಿ. ಹತ್ತು ಅಥವಾ ಹೆಚ್ಚಿದ್ದು, ರೆಕ್ಕೆ ಹಾಯಿಯಂತೆ ಅಗಲವಾಗಿದ್ದರೆ ಅದು ನಾನು ತಂದ ಮೀನು. ಏಳೆಂಟೇ ಇದ್ದರೆ ಬ್ರಿಸಲ್‌ನೋಸ್ ಇರಬಹುದು. ಇದು ನಾಲ್ಕೈದು ಅಂಗುಲಕ್ಕೆ ನಿಲ್ಲುತ್ತದೆ. ಬೆಳೆದ ಗಂಡಿನ ಮೂತಿಯ ಮೇಲೆ ಕವಲೊಡೆದ ಮೀಸೆಗಳಿರುತ್ತವೆ. ಮೂರಡಿಯ ತೊಟ್ಟಿಗೆ ಒಂದು ಸಾಕು. ಕೆರೆಯಲು ಒಂದು ಮರದ ತುಂಡು, ತಿನ್ನಲು ಸೌತೆಕಾಯಿಯ ಹೋಳು ಬೇಕು. ಯಲಹಂಕದ ಕಡೆಯ ಕೊಳವೆಬಾವಿಯ ಗಡಸು ನೀರಿಗೂ ಇದು ಒಗ್ಗಿಕೊಳ್ಳುತ್ತದೆ. ಆಟೊಸಿಂಕ್ಲಸ್ ಇನ್ನೂ ಚಿಕ್ಕದು, ಎರಡಂಗುಲವನ್ನು ಮೀರದು. ಆದರೆ ಅದು ಗುಂಪಿನಲ್ಲಿ ಬದುಕುವ ಜೀವಿ, ಆರಕ್ಕೆ ಕಡಿಮೆಯಿರಬಾರದು. ಪಾಚಿ ಕಟ್ಟದ ಹೊಸ ತೊಟ್ಟಿಗೆ ತಂದರೆ ಹಸಿವಿನಿಂದಲೇ ಸಾಯುತ್ತದೆ. ಹೊಸಬರಿಗೆ ನಾನು ಅದನ್ನು ಹೇಳಲಾರೆ. ಇನ್ನು, ತೊಟ್ಟಿ ತೊಳೆಯುವ ಮೀನೆಂಬುದು ವ್ಯಾಪಾರದ ಮಾತು. ಬೇರೆ ಮೀನುಗಳ ಹಿಕ್ಕೆಯನ್ನು ಇವು ತಿನ್ನುವುದಿಲ್ಲ. ತಾವೂ ಧಾರಾಳವಾಗಿ ಹಾಕುತ್ತವೆ!

ಊರಿನ ಹಳ್ಳದ ಮೀನನ್ನೇ ಒಯ್ದರಾಗದೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ನಮ್ಮ ತೊರೆಗಳಲ್ಲೂ ಕಲ್ಲಿಗಂಟುವ ಮೀನುಗಳಿವೆ. ಗ್ಲಿಪ್ಟೊಥೊರಾಕ್ಸ್ ಕುಲದವಕ್ಕೆ ಎದೆಯಡಿಯಲ್ಲಿ ನೆರಿಗೆಯ ಚರ್ಮವಿದೆ. ಗರ್ರಾ ಕುಲದವಕ್ಕೆ ಬಾಯಿಯ ಹಿಂದೆ ತಟ್ಟೆಯಂಥ ಅಂಗವಿದೆ. ಆ ಹಿಡಿತವೆಲ್ಲ ರಭಸದ ನೀರಿಗಾಗಿ. ಬಾಡಿಗೆ ಕೋಣೆಯ ನಿಂತ ನೀರು ಅವಕ್ಕೆ ಸೆರೆಮನೆ.

ಇದಕ್ಕಿಂತ ನನಗೆ ಹೆಚ್ಚಿನ ಭಯ ಅಲ್ಲಿಯದು ಇಲ್ಲಿಗೆ ಬರುವುದರದು. ರಜೆಗೆ ಬರುವಾಗ ತೊಟ್ಟಿಯ ಮೀನನ್ನು ತಂದು ಅಡಕೆ ತೋಟದ ಕೃಷಿಹೊಂಡಕ್ಕೆ ಬಿಡುವವರಿದ್ದಾರೆ. 2018ರ ಪ್ರವಾಹದಲ್ಲಿ ಕೇರಳದ ಸಾಕಣೆ ಕೊಳಗಳಿಂದ ಅರಪೈಮಾದಂಥ ಪರದೇಶದ ಮೀನುಗಳು ನದಿಗಳಿಗೆ ಸೇರಿದವು. ನಮ್ಮ ಹೊಂಡಗಳೂ ಆಷಾಢದಲ್ಲಿ ಉಕ್ಕಿ ಹಳ್ಳಕ್ಕೇ ಹರಿಯುತ್ತವೆ. ಬ್ರಿಸಲ್‌ನೋಸ್ ಚಿಕ್ಕದೆಂದು ಅದನ್ನೂ ಬಿಡಬೇಡಿ. ಕೊಳ್ಳುವ ದಿನವೇ, ಬೇಡವಾದರೆ ಹಿಂದಕ್ಕೆ ಪಡೆಯುತ್ತೀರಾ ಎಂದು ಅಂಗಡಿಯಲ್ಲಿ ಕೇಳಿ. ಕೋಣೆ ಬಿಡುವಾಗ ಸಾಕಬಲ್ಲ ಗೆಳೆಯನಿಗೆ ಕೊಡಿ. ಸತ್ತರೆ ಮಣ್ಣು ಮಾಡಿ. ತೊಟ್ಟಿಯ ನೀರನ್ನು ಗಿಡದ ಬುಡಕ್ಕೆ ಹೊಯ್ಯಿರಿ.