ಕತ್ತರಿ ಕೊಡುವ ವಿಶ್ರಾಂತಿ

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಹಾದಿ ಹಿಡಿದರೆ ನಂದಿಬೆಟ್ಟದ ಸುತ್ತ ದ್ರಾಕ್ಷಿ ತೋಟಗಳು ಕಾಣುತ್ತವೆ. ಊರಿನ ಹೆಸರನ್ನೇ ಹೊತ್ತ ಬೆಂಗಳೂರು ನೀಲಿ ತಳಿಯ ಜೊತೆಗೆ ಫ್ರಾನ್ಸ್ ಮೂಲದ ಶಿರಾಜ್ ತಳಿ ಕೂಡ ಇಲ್ಲಿ ಬೆಳೆಯುತ್ತದೆ. ಚಳಿ ದೇಶಗಳಲ್ಲಿ ಬಳ್ಳಿ ಎಲೆ ಉದುರಿಸಿ ತಾನೇ ಮಲಗುತ್ತದೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಅದಕ್ಕೆ ಆ ನಿದ್ದೆಯಿಲ್ಲ. ಬಿಟ್ಟರೆ ವರ್ಷವಿಡೀ ಕುಡಿ ಚಾಚುತ್ತಲೇ ಇರುತ್ತದೆ. ಆದ್ದರಿಂದ ವೈನ್ ದ್ರಾಕ್ಷಿ ಬೆಳೆಯುವ ರೈತ ಏಪ್ರಿಲ್ ಹೊತ್ತಿಗೆ ಕಡ್ಡಿ ಬಲಿಯಲೆಂದು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗೊಂಚಲು ಬರಲೆಂದು ಎರಡು ಸಲ ಸವರುತ್ತಾನೆ. ಆಮೇಲೆ ಹಗಲು ಬಿಸಿಲು, ಇರುಳು ತಂಪು ಇರುವ ದಿನಗಳಲ್ಲಿ ಹಣ್ಣಿನ ಸಿಹಿ-ಹುಳಿ ಹದಕ್ಕೆ ಬರುತ್ತವೆ. ಕೆಂಪು ವೈನಿನ ಬಣ್ಣವೋ ಸಿಪ್ಪೆಯದು; ರಸವನ್ನು ಸಿಪ್ಪೆಯೊಡನೆ ದಿನಗಟ್ಟಲೆ ಹುಳಿಯಬಿಟ್ಟಾಗಲೇ ಅದು ಇಳಿಯುತ್ತದೆ. ತೋಟದಲ್ಲೂ ತೊಟ್ಟಿಯಲ್ಲೂ ಗುಣ ಹುಟ್ಟುವುದು ತಡೆದು ಕಾಯುವುದರಿಂದ.

ಬೆಳಗಿನ ಹೊತ್ತು ಮದ್ಯದ ಮಾತೇಕೆ ಎಂದು ಕೇಳಬಹುದು. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರ ಈ ಆಕ್ಷೇಪ ನ್ಯಾಯವಾದದ್ದೇ. ಕುಡಿತವನ್ನು ನಾನು ಹೊಗಳುತ್ತಿಲ್ಲ. ಆದರೆ ಕೊಯ್ದ ಕೆಲವೇ ದಿನಗಳಲ್ಲಿ ಕೆಡುವ ಹಣ್ಣಿಗೆ ಸಂತೆಯಲ್ಲದೆ ವೈನಿನಂಥ ಇನ್ನೊಂದು ದಾರಿಯೂ ಬೇಕು. ಬೆಂಗಳೂರು ನೀಲಿಯ ಘಾಟು ಪರಿಮಳ ಉತ್ತಮ ವೈನಿಗೆ ಒಗ್ಗದು ಎನ್ನುವವರೂ ಇದ್ದಾರೆ. ಹಾಗೆಂದು ಅದನ್ನು ಕೈಬಿಡಬೇಕಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನೇ ಇನ್ನೊಂದು ಕಪ್ಪು ದ್ರಾಕ್ಷಿಯೊಂದಿಗೆ ಕೂಡಿಸಿ, ವೈನಿಗೂ ಒದಗುವ ಅರ್ಕಾ ಶ್ಯಾಮ್ ತಳಿಯನ್ನು ರೂಪಿಸಿತು. ಹೆಬ್ಬಾಳದಾಚೆಗೂ ಬಿಡುವಿಲ್ಲದೆ ಹಬ್ಬುತ್ತಿರುವ ನಗರಕ್ಕೆ, ಅದರೊಳಗೆ ಓಡುವ ನಮಗೆ ಬಳ್ಳಿ ಹೇಳುವುದಿಷ್ಟೆ: ವಿಶ್ರಾಂತಿ ತಾನಾಗಿ ಬಾರದ ಕಡೆ ಅದನ್ನು ನಾವೇ ಮಾಡಿಕೊಳ್ಳಬೇಕು, ಸವರಿದ ಕಡ್ಡಿಯಲ್ಲೇ ಗೊಂಚಲು.